ತಾರಸಿಯ ಅಡಿಯಲ್ಲಿ ನಿಲ್ಲುವಾಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯಾಗಲಿರುವ ಕಟ್ಟಡದ ಮುಂದೆ ಕಾಂಕ್ರೀಟ್ ಪಂಪಿನ ಲಾರಿ ನಿಂತು, ತನ್ನ ಉದ್ದನೆಯ ಕೊಳವೆಯನ್ನು ಮಡಿಕೆ ಮಡಿಕೆಯಾಗಿ ಬಿಚ್ಚುತ್ತಿದೆ. ಎಲ್ಲರ ಕಣ್ಣೂ ಆ ಕೊಳವೆಯ ತುದಿಯ ಮೇಲೆ. ಒಬ್ಬರ ಕಣ್ಣು ಮಾತ್ರ ಆಕಾಶದಲ್ಲಿ. ಪಡುವಣದ ಕಟ್ಟಡಗಳ ಹಿಂದೆ ಒಂದು ಕಪ್ಪು ಮೋಡ ತಲೆ ಎತ್ತುತ್ತಿದೆ. ಸಾಲ ಕೇಳಲು ಬಂದ ನೆಂಟನನ್ನು ನೋಡುವ ಹಾಗೆ ಅವರು ಅದನ್ನೇ ನೋಡುತ್ತಿದ್ದಾರೆ.

‘ಬರಲ್ಲ ಬಿಡಿ ಅಕ್ಕ, ಅದು ಆ ಕಡೆ ಹೋಗೋ ಮೋಡ’ ಎನ್ನುತ್ತಾನೆ ಪಂಪಿನ ಚಾಲಕ.

‘ನಿಮ್ಗೆ ಹೇಳಿ ಹೊರಟಿದ್ಯಾ ಅದು?’ ಎಂದು ಕೇಳಿ, ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು ಅವರು ಒಳಗೆ ನಡೆಯುತ್ತಾರೆ. ತಾರಸಿ ಹಾಕುವ ದಿನ ಮೇಲ್ವಿಚಾರಕರೆಲ್ಲ ಮೇಲೆ ಹತ್ತಿ ನಿಲ್ಲುವುದು ವಾಡಿಕೆ. ಫೋಟೊ ತೆಗೆಯುವುದೂ ಅಲ್ಲೇ. ಇವರು ನಿಲ್ಲುವುದು ತಾರಸಿಯ ಅಡಿಯಲ್ಲಿ.

ಅಡಿಯಲ್ಲಿ ಮಬ್ಬುಗತ್ತಲು. ತಲೆಯ ಮೇಲೆ ಹಲಗೆಗಳ ಹಾಸು, ಅದನ್ನು ಎತ್ತಿ ಹಿಡಿಯಲು ನೆಲದಿಂದ ಎದ್ದ ಸಾಲು ಸಾಲು ಕಬ್ಬಿಣದ ಕೊಳವೆಗಳು. ಕೆಲಸದವರು ಇವನ್ನು ಜಾಕ್ ಎನ್ನುತ್ತಾರೆ. ಸುರಿದ ಕಾಂಕ್ರೀಟ್ ಗಟ್ಟಿಯಾಗುವ ತನಕ ತಾರಸಿಗೆ ಇವೇ ಕಾಲು. ಅವರು ಸಾಲಿನ ನಡುವೆ ನಡೆಯುತ್ತ ಒಂದೊಂದನ್ನೂ ಹಿಡಿದು ಅಲ್ಲಾಡಿಸುತ್ತಾರೆ. ಅಲ್ಲಾಡದಿದ್ದರೆ ಮುಂದಿನದು. ಅಲ್ಲಾಡಿದರೆ ಅದು ಭಾರ ಹೊತ್ತಿಲ್ಲ, ಅದರ ಪಾಲನ್ನೂ ಪಕ್ಕದ್ದೇ ಹೊತ್ತಿದೆ ಎಂದರ್ಥ. ಈ ಸುತ್ತು ನಿನ್ನೆ ಸಂಜೆಯೂ ಆಗಿದೆ. ‘ನಿನ್ನೆ ನೋಡಿದ್ದು ನಿನ್ನೇಗೆ ಆಯ್ತು’ ಎನ್ನುತ್ತಾರೆ, ತಿರುಗಿ ನೋಡದೆ.

ಇವರ ಹುದ್ದೆಗೆ ಯೋಜನಾ ವ್ಯವಸ್ಥಾಪಕಿ ಎಂಬ ಗಂಭೀರವಾದ ಹೆಸರಿದೆ. ಕಂಪನಿಯ ಕಚೇರಿಯಲ್ಲಿ ಬಿಟ್ಟರೆ ಬೇರೆಲ್ಲೂ ಅದು ಬಳಕೆಯಾದದ್ದಿಲ್ಲ. ಕೆಲಸದ ಜಾಗದಲ್ಲಿ ಎದುರಿಗೆ ‘ಅಕ್ಕ’, ಬೆನ್ನ ಹಿಂದೆ ‘ಮಟ್ಟದಕ್ಕ’. ನೆಲವಿರಲಿ, ಕಿಟಕಿಯ ಚೌಕಟ್ಟಿರಲಿ, ಚಹಾದ ಲೋಟ ಇಟ್ಟ ಮೇಜಿರಲಿ, ಮಟ್ಟವಾಗಿದೆಯೇ ಎಂದು ಬಗ್ಗಿ ನೋಡದೆ ಮುಂದೆ ಹೋಗುವ ಜಾಯಮಾನ ಅವರದಲ್ಲ. ಹೆಸರು ಕಿವಿಗೆ ಬಿದ್ದಿದೆ. ಬೇಜಾರಿಲ್ಲ. ‘ಮೊದಲ್ನೇ ಸೈಟಲ್ಲಿ ಇಟ್ಟಿದ್ದ ಹೆಸರು ಇದಕ್ಕಿಂತ ಕೆಟ್ಟದಿತ್ತು’ ಎಂದು ನಗುತ್ತಾರೆ. ಏನದು ಎಂದರೆ ಹೇಳುವುದಿಲ್ಲ.

ಖಾಲಿ ನಿವೇಶನದಲ್ಲಿ ಸುಣ್ಣದ ಗೆರೆ ಎಳೆಯುವ ದಿನ ಅವರ ಕೆಲಸ ಶುರುವಾಗುತ್ತದೆ. ಅದಕ್ಕೂ ಮೊದಲೇ, ನಕ್ಷೆ ಬಿಡಿಸಿದವರಿಗೂ ಕಟ್ಟಿಸುವವರಿಗೂ ಜಗಳ ಹತ್ತುವಾಗಲೇ, ಇವರಿಗೆ ಕರೆ ಬಂದಿರುತ್ತದೆ. ಪಾಯ, ಕಂಬ, ತಾರಸಿ, ಗೋಡೆ, ನೀರಿನ ಕೊಳವೆ, ವಿದ್ಯುತ್ತಿನ ತಂತಿ, ಗಾರೆ, ಬಣ್ಣ. ಒಬ್ಬೊಬ್ಬರು ಬರುತ್ತಾರೆ, ತಮ್ಮ ಕೆಲಸ ಮುಗಿಸಿ ಹೋಗುತ್ತಾರೆ. ಮೊದಲಿನಿಂದ ಕೊನೆಯವರೆಗೆ ಇರುವವರು ಇವರೊಬ್ಬರೇ. ಬೀಗದ ಕೈ ಕೊಟ್ಟ ಮೇಲೂ ಬಿಡುಗಡೆಯಿಲ್ಲ. ಒಂದು ಇಡೀ ಮಳೆಗಾಲ ಕಳೆಯಬೇಕು, ಎಲ್ಲೂ ಸೋರಬಾರದು. ಅಲ್ಲಿಯವರೆಗೆ ಫೋನ್ ರಿಂಗಾದರೆ ಎದೆ ಧಸಕ್ಕೆನ್ನುತ್ತದೆ.

ಅವರ ಅತ್ತೆಯ ದೂರೂ ಅದೇ. ‘ಮಳೆ ಬಂದ್ರೆ ಊರೋರೆಲ್ಲ ಒಣಗ್ಹಾಕಿದ ಬಟ್ಟೆ ತೆಗೀತಾರೆ. ನಮ್ ಸೊಸೆ ಬಟ್ಟೆ ನೆನೆಯೋಕೆ ಬಿಟ್ಟು ಯಾರದೋ ಗೋಡೆ ನೋಡೋಕೆ ಓಡ್ತಾಳೆ.’

ಈ ಕೆಲಸಕ್ಕೆ ಅವರು ಬಂದದ್ದು ಬೇಕೆಂದಲ್ಲ. ಡಿಪ್ಲೊಮಾ ಮುಗಿಸಿ ಒಂದು ಕಚೇರಿಯಲ್ಲಿ ನಕ್ಷೆ ಬಿಡಿಸುತ್ತಿದ್ದರು. ಫ್ಯಾನಿನ ಕೆಳಗಿನ ಕುರ್ಚಿ, ಹೊತ್ತಿಗೆ ಸರಿಯಾಗಿ ಊಟ. ಒಮ್ಮೆ ಕಟ್ಟಡ ಕೆಲಸದ ಮೇಲ್ವಿಚಾರಕ ಹೇಳದೆ ಕೇಳದೆ ಬಿಟ್ಟು ಹೋದ. ನಾಲ್ಕು ದಿನ ನೋಡಿಕೊಳ್ಳಿ ಎಂದು ಇವರನ್ನು ಕಳಿಸಿದರು. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ. ಮೊದಮೊದಲು ಹೆಂಗಸು ಹೇಳಿದಳೆಂದು ಕಂಬಿ ಕಟ್ಟುವವರು ಕೇಳಿಯೂ ಕೇಳದವರ ಹಾಗೆ ಇರುತ್ತಿದ್ದರು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಹೆಂಗಸರಿಗೆ ಶೌಚಾಲಯವೇ ಇರಲಿಲ್ಲ, ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ ಇರುತ್ತಿದ್ದರು. ಈಗ ಯಾವ ನಿವೇಶನಕ್ಕೆ ಕಾಲಿಟ್ಟರೂ ಅವರು ಮೊದಲು ಕಟ್ಟಿಸುವುದು ಬಾಗಿಲಿರುವ, ಚಿಲಕವಿರುವ ಶೌಚಾಲಯ. ‘ಪಾಯ ಒಂದಿನ ತಡ ಆದ್ರೂ ಪರವಾಗಿಲ್ಲ, ಅದು ತಡ ಆಗಂಗಿಲ್ಲ.’

ಗಂಡ ಸಿಕ್ಕಿದ್ದೂ ಇಂಥದ್ದೇ ಒಂದು ಜಾಗದಲ್ಲಿ. ಅವರು ಸೆಂಟ್ರಿಂಗ್ ಮೇಸ್ತ್ರಿ, ತಾರಸಿಗೆ ಹಲಗೆ ಹಾಸಿ ಜಾಕ್ ನಿಲ್ಲಿಸುವ ತಂಡದ ಹಿರಿಯ. ಮಾತು ಕಡಿಮೆ, ಕೋಪ ಮೂಗಿನ ತುದಿಯಲ್ಲಿ, ಕೈಕೆಲಸ ಮಾತ್ರ ಕಣ್ಣಿಗೆ ಒತ್ತಿಕೊಳ್ಳುವಂಥದ್ದು. ಈ ಆಸ್ಪತ್ರೆಯ ಸೆಂಟ್ರಿಂಗೂ ಅವರದೇ. ಗಂಡನ ಕೆಲಸವನ್ನು ಹೆಂಡತಿ ತಪಾಸಣೆ ಮಾಡುವುದನ್ನು ಕಂಡು ಉಳಿದವರು ಮುಸಿಮುಸಿ ನಗುತ್ತಿದ್ದರು. ನಗು ನಿಂತುಹೋದದ್ದು ಕಳೆದ ಮಳೆಗಾಲದ ಒಂದು ಬೆಳಿಗ್ಗೆ.

ಅಂದು ಇದೇ ಕಟ್ಟಡದ ಮೊದಲ ತಾರಸಿ. ಹಿಂದಿನ ಸಂಜೆ ಮಳೆ ಹೊಯ್ದು ನಿಂತಿತ್ತು. ಬೆಳಿಗ್ಗೆ ಬಿಸಿಲು ಕಂಡು ಎಲ್ಲರೂ ಹುರುಪಿನಲ್ಲಿ ಶುರು ಮಾಡಿದ್ದರು. ಅರ್ಧದಷ್ಟು ಸುರಿದಾಗಿತ್ತು. ಅಡಿಯಲ್ಲಿ ಇವರು ಎಂದಿನಂತೆ ಸುತ್ತು ಹಾಕುತ್ತಿದ್ದರು. ಮೂಲೆಯ ತೊಲೆಯ ಕೆಳಗೆ ಒಂದು ಜಾಕ್ ಕೈಗೆ ಸಡಿಲ ಸಿಕ್ಕಿತು. ಮುಂಜಾನೆ ಅದೇ ಜಾಕ್ ಕಲ್ಲಿನ ಹಾಗೆ ನಿಂತಿತ್ತು. ಬಗ್ಗಿ ನೋಡಿದರೆ ಅದರ ಕಾಲಡಿಯ ಹಲಗೆ ಒಂದು ಪಕ್ಕ ಮಣ್ಣಿಗಿಳಿದಿದೆ. ಪಕ್ಕದ್ದೂ ಸಡಿಲ. ಅದರಾಚೆಯದು, ಎಲ್ಲರ ಭಾರ ತಾನೊಂದೇ ಹೊತ್ತು, ಸಣ್ಣಗೆ ನರಳುತ್ತಿದೆ.

‘ಆ ಶಬ್ದ ಇವತ್ತೂ ಕಿವೀಲಿದೆ. ಚಿಕ್ಕ ಮಗು ನಿದ್ದೇಲಿ ಹಲ್ಲು ಕಡಿಯುತ್ತಲ್ಲ, ಹಾಗೆ.’

ಆ ಮೂಲೆಯಲ್ಲಿ ಕೆಲವು ದಿನಗಳ ಹಿಂದೆ ನೀರಿನ ಕೊಳವೆಯವರು ಕಾಲುವೆ ತೋಡಿ, ಕೊಳವೆ ಇಟ್ಟು, ಮಣ್ಣು ಮುಚ್ಚಿ ಹೋಗಿದ್ದರು. ಹೊಸ ಮಣ್ಣು ಮಳೆ ಕುಡಿದು ಮೆತ್ತಗಾಗಿತ್ತು. ಅದರ ಮೇಲೇ ಜಾಕ್ ನಿಂತಿದ್ದವು.

‘ನಿಲ್ಸಿ! ಪಂಪ್ ನಿಲ್ಸಿ!’ ಎಂದು ಕೂಗಿದರು. ಮೇಲಿನ ಯಂತ್ರದ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಹೊರಗೆ ಓಡಿ ಬಂದು, ಹೆಲ್ಮೆಟ್ ತೆಗೆದು ಪಂಪಿನ ಲಾರಿಯ ಬಾನೆಟ್ಟಿಗೆ ಬಡಿದರು. ಪಂಪ್ ನಿಂತಿತು. ತಾರಸಿಯ ಅಂಚಿಗೆ ಗಂಡ ಬಂದು ಇಣುಕಿದರು.

‘ಏನಾಯ್ತು?’

‘ಮೂಲೇಲಿ ಜಾಕ್ ಕೂರ್ತಾ ಇದೆ. ಎಲ್ರೂ ಇಳೀರಿ. ಆ ಕಡೆ ಏಣಿಯಿಂದ ಇಳೀರಿ, ಈ ಕಡೆ ಬರ್ಬೇಡಿ.’

‘ಎರಡು ಜಾಕ್ ಬಿಗಿ ಮಾಡಿದ್ರೆ ಆಯ್ತು. ನಾನೇ ಬಂದು ಮಾಡ್ತೀನಿ, ಸುರೀತಾ ಇರ್ಲಿ. ಅರ್ಧಕ್ಕೆ ನಿಲ್ಸಿದ್ರೆ ತಾರಸಿ ಕೆಡುತ್ತೆ, ಗೊತ್ತಲ್ವಾ?’

ಗೊತ್ತಿತ್ತು. ರಸ್ತೆಯಲ್ಲಿ ಕಲಸಿದ ಕಾಂಕ್ರೀಟ್ ಹೊತ್ತ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ನಿಂತಷ್ಟೂ ಅದು ಕೆಲಸಕ್ಕೆ ಬಾರದಾಗುತ್ತದೆ. ‘ಯಾರೂ ಅಡಿಗೆ ಹೋಗಂಗಿಲ್ಲ. ನೀವೂ ಹೋಗಂಗಿಲ್ಲ’ ಎಂದರು ಇವರು.

‘ನನ್ ಕೆಲಸ ನಂಗೆ ಹೇಳ್ಕೊಡ್ತೀಯಾ?’ ಇಡೀ ತಂಡದ ಮುಂದೆ ಗಂಡನ ದನಿ ಏರಿತು.

‘ಮನೇಲಿ ಎಷ್ಟು ಬೇಕಾದ್ರೂ ಬಯ್ಯಿರಿ. ಈಗ ಇಳೀರಿ.’

ಇಳಿದರು. ಒಬ್ಬೊಬ್ಬರಾಗಿ, ಗಂಬೂಟಿನ ಕಾಂಕ್ರೀಟ್ ಒದರುತ್ತ, ಗೊಣಗುತ್ತ ಎಲ್ಲರೂ ಇಳಿದರು. ಗಂಡ ಕೊನೆಯವರು. ಕಟ್ಟಡದ ಲೆಕ್ಕ ಹಾಕಿದ ಎಂಜಿನಿಯರಿಗೆ ಇವರು ಫೋನ್ ಮಾಡಿದರು. ‘ನಿಲ್ಸಿದ್ದು ಒಳ್ಳೇದಾಯ್ತು, ನಾನು ಬರೋವರ್ಗೂ ಯಾರನ್ನೂ ಬಿಡ್ಬೇಡಿ’ ಎಂದು ಹೇಳಿ ಎಂಜಿನಿಯರ್ ಹೊರಟರು.

ಆಮೇಲೆ ಏನೂ ಆಗಲಿಲ್ಲ. ಅದೇ ಅತ್ಯಂತ ಕಷ್ಟದ ಹೊತ್ತು ಎನ್ನುತ್ತಾರೆ ಅವರು. ತಾರಸಿ ಹಾಗೇ ನಿಂತಿತ್ತು. ಬಿಸಿಲೂ ಚೆನ್ನಾಗಿತ್ತು. ಲಾರಿಯ ಚಾಲಕರು ಗಡಿಯಾರ ನೋಡಿಕೊಂಡರು. ಆಸ್ಪತ್ರೆ ಕಟ್ಟಿಸುತ್ತಿರುವ ಡಾಕ್ಟರು ಕಾರಿನಿಂದ ಇಳಿದವರೇ ‘ಏನು ಬಿತ್ತು?’ ಎಂದು ಕೇಳಿದರು. ಏನೂ ಬಿದ್ದಿಲ್ಲ ಎಂದಾಗ ಅವರ ಮುಖ ನೋಡುವ ಹಾಗಿರಲಿಲ್ಲ. ಗಂಡ ಒಂದು ಕಡೆ, ಇವರು ಒಳಗೆ ಹೋಗುವ ದಾರಿಗೆ ಅಡ್ಡವಾಗಿ ಇನ್ನೊಂದು ಕಡೆ.

‘ಮನಸ್ಸಲ್ಲಿ ಒಂದು ಕೆಟ್ಟ ಯೋಚ್ನೆ ಬಂತು. ಬೀಳ್ಬಾರ್ದಾ ಒಂಚೂರು, ನನ್ ಮರ್ಯಾದೆ ಉಳೀಲಿ ಅಂತ. ಥೂ, ಏನ್ ಮನಸ್ಸಪ್ಪ ಇದು ಅನ್ನಿಸ್ತು.’

ಎಂಜಿನಿಯರ್ ಇನ್ನೂ ದಾರಿಯಲ್ಲಿದ್ದಾಗ ಒಳಗಿನಿಂದ ಠಣ್ಣೆಂದು ಒಂದು ಸದ್ದು ಬಂತು. ಒಂದು ಜಾಕ್ ಜಾರಿ ನೆಲಕ್ಕೆ ಬಿದ್ದಿತ್ತು. ಅದರ ಹಿಂದೆಯೇ ಇನ್ನೆರಡು ಮಡಚಿಕೊಂಡವು. ಮೂಲೆಯ ತೊಲೆ, ಯಾವ ಆತುರವೂ ಇಲ್ಲದ ಹಾಗೆ, ಒಂದು ಗೇಣು ಕೆಳಗಿಳಿದು ನಿಂತಿತು. ಹಲಗೆಗಳ ಸಂದಿಯಿಂದ ಹಸಿ ಕಾಂಕ್ರೀಟ್ ತೊಪತೊಪನೆ ಸುರಿಯಿತು. ಅಷ್ಟೇ. ಗಂಡ ಹತ್ತಿರ ಬಂದು, ಹೆಂಡತಿಯ ಭುಜದ ಮೇಲಿಂದ ಒಳಗೆ ನೋಡಿದರು. ಜಾಕ್ ಬಿಗಿ ಮಾಡಲು ತಾವು ಕುಕ್ಕರಗಾಲಲ್ಲಿ ಕೂರಬೇಕಿದ್ದ ಜಾಗ ಯಾವುದು ಎಂದು ಅವರಿಗೆ ಯಾರೂ ತೋರಿಸಬೇಕಿರಲಿಲ್ಲ.

ಆ ಭಾಗವನ್ನೆಲ್ಲ ಒಡೆದು ತೆಗೆದು, ಮಣ್ಣು ಗಟ್ಟಿ ಮಾಡಿ, ಮತ್ತೆ ಹಾಕಬೇಕಾಯಿತು. ತಪ್ಪು ಯಾರದು ಎಂಬ ಮಾತು ಎದ್ದಾಗ ಎಲ್ಲರ ಬೆರಳೂ ಮೇಸ್ತ್ರಿಯ ಕಡೆ ತಿರುಗಿತು. ಇವರು ಡಾಕ್ಟರ ಮುಂದೆ, ಗಂಡನ ಮುಂದೆ, ತಂಡದ ಮುಂದೆ ಹೇಳಿದ್ದಿಷ್ಟು: ‘ಕೊಳವೆಯೋರು ತೋಡಿದ್ರು, ಮುಚ್ಚಿದ್ರು, ಅದು ಅವ್ರ ಕೆಲಸ. ಮೇಸ್ತ್ರಿ ಬಂದು ಜಾಕ್ ನಿಲ್ಸಿದ್ರು, ಅದು ಅವ್ರ ಕೆಲಸ. ಇಲ್ಲಿ ತೋಡಿದ್ದಾರೆ ಅಂತ ಇವ್ರಿಗೆ ಹೇಳೋದು ನನ್ನ ಕೆಲಸ. ಅದು ಆಗಿಲ್ಲ.’

ಇಷ್ಟಾದರೂ ಮನೆಯಲ್ಲಿ ಮೌನ. ಎದುರುಬದುರು ಊಟಕ್ಕೆ ಕೂತು ಗಂಡ ಮಗಳ ಮೂಲಕ ಸುದ್ದಿ ಕಳಿಸುತ್ತಿದ್ದರು. ‘ನಿಮ್ಮಮ್ಮಂಗೆ ಹೇಳು, ಸಾರಿಗೆ ಉಪ್ಪು ಕಮ್ಮಿ.’ ಮಗಳು ಕತ್ತು ತಿರುಗಿಸಿ, ‘ಅಮ್ಮ, ಉಪ್ಪು ಕಮ್ಮಿಯಂತೆ’ ಎನ್ನುತ್ತಿದ್ದಳು. ‘ಡಬ್ಬಿ ಪಕ್ಕದಲ್ಲೇ ಇದೆ ಅಂತ ಹೇಳು.’ ಪರೀಕ್ಷೆಗೆ ಓದಬೇಕಿದ್ದ ಹುಡುಗಿಗೆ ಇದೇ ದೊಡ್ಡ ಕೆಲಸವಾಯಿತು. ಒಂದು ದಿನ ಅತ್ತೆಗೆ ತಡೆಯಲಾಗಲಿಲ್ಲ. ಮಗನ ತಟ್ಟೆಯ ಮುಂದೆ ಉಪ್ಪಿನ ಡಬ್ಬಿಯನ್ನು ಕುಕ್ಕಿದರು. ‘ಅವಳು ಅವತ್ತು ಇಳ್ಸಿದ್ದಕ್ಕೆ ನೀನು ಇವತ್ತು ಇಲ್ಲಿ ಕೂತು ಉಪ್ಪು ಕೇಳ್ತಾ ಇದ್ದೀಯ. ಬಾಯ್ಮುಚ್ಕೊಂಡು ಉಣ್ಣು.’ ಸೊಸೆಯ ಪರವಾಗಿ ಅತ್ತೆ ಆಡಿದ ಮೊದಲ ಮಾತು ಅದು ಎಂದು ಮಗಳು ಸಾಕ್ಷಿ ಹೇಳುತ್ತಾಳೆ.

ಮೇಸ್ತ್ರಿ ಕ್ಷಮೆ ಕೇಳಿದವರಲ್ಲ, ಇಂದಿಗೂ ಕೇಳಿಲ್ಲ. ಆದರೆ ಮುಂದಿನ ತಾರಸಿಯ ದಿನ, ತಂಡವೆಲ್ಲ ನಿಂತು ನೋಡುತ್ತಿರುವಾಗ, ಹೆಂಡತಿಯ ಹತ್ತಿರ ಬಂದು ಕೇಳಿದರು: ‘ಹತ್ತಲಾ?’ ಅಂದಿನಿಂದ ಅದೇ ರೂಢಿ. ಅವರು ಕೇಳದೆ ಹತ್ತುವುದಿಲ್ಲ, ಅವರು ಹತ್ತದೆ ತಂಡ ಹತ್ತುವುದಿಲ್ಲ.

ಇಂದಿನದು ಕೊನೆಯ ತಾರಸಿ. ಜಾಕ್‌ಗಳ ಕಾಲಡಿ ಮಣ್ಣಿಲ್ಲ, ಕೆಳಗಿನ ಅಂತಸ್ತಿನ ಗಟ್ಟಿ ಕಾಂಕ್ರೀಟಿದೆ. ಹಾಗೆಂದು ಜೀವಕ್ಕೆ ಸಮಾಧಾನವೇನೂ ಇಲ್ಲ. ಅರ್ಧ ಮುಗಿಯುವ ಹೊತ್ತಿಗೆ ಒಂದು ಲಾರಿ ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತದೆ. ಚಾಲಕ ಫೋನ್ ಎತ್ತುವುದಿಲ್ಲ. ಹನಿ ಬೀಳತೊಡಗುತ್ತದೆ. ಇವರು ಹೆಲ್ಮೆಟ್ಟಿನ ಅಡಿಯಿಂದ ಬೆವರು ಒರೆಸಿಕೊಳ್ಳುತ್ತ ‘ಟಾರ್ಪಾಲ್! ಟಾರ್ಪಾಲ್ ಎಳೀರಿ!’ ಎಂದು ಕೂಗುತ್ತಾರೆ. ಕೂಗಿದವರೇ ಮತ್ತೆ ಅಡಿಗೆ ಓಡಿ ಕೊಳವೆಗಳಿಗೆ ಕೈ ಹಚ್ಚುತ್ತಾರೆ. ಒಂದೂ ಅಲ್ಲಾಡುವುದಿಲ್ಲ. ಇನ್ನೊಮ್ಮೆ ನೋಡುತ್ತಾರೆ. ಕಡೆಗೂ ಲಾರಿ ಬರುತ್ತದೆ, ಹನಿ ನಿಲ್ಲುತ್ತದೆ, ಮಧ್ಯಾಹ್ನ ವಾಲುವ ಹೊತ್ತಿಗೆ ಮೇಲಿನವರು ಕಾಂಕ್ರೀಟನ್ನು ಸಮ ಮಾಡಿ ಮುಗಿಸುತ್ತಾರೆ.

ಮೆಟ್ಟಿಲ ಮೇಲೆ ಕೂತು ಅವರು ಇಂದಿನ ಮೊದಲ ಲೋಟ ನೀರು ಕುಡಿಯುತ್ತಾರೆ. ಆಸ್ಪತ್ರೆ ಬಾಗಿಲು ತೆರೆಯುವ ದಿನ ವೇದಿಕೆಗೆ ಕರೆಯುತ್ತೇವೆ ಎಂದು ಡಾಕ್ಟರು ಹೇಳಿದ್ದಾರಂತೆ. ಅವರಿಗೆ ಅದರಲ್ಲಿ ಆಸಕ್ತಿಯಿಲ್ಲ. ಆಸೆ ಬೇರೆಯೇ ಇದೆ.

‘ಅತ್ತೆಗೆ ಮಂಡಿ ನೋವು. ಎಲ್ಲ ಶುರುವಾದ್ಮೇಲೆ ಒಂದಿನ ಅವ್ರನ್ನ ಇಲ್ಲಿ ತೋರ್ಸೋಕೆ ಕರ್ಕೊಂಡ್ ಬರ್ಬೇಕು. ಚೀಟಿ ತಗೊಂಡು ಬೆಂಚ್ ಮೇಲೆ ಕೂರ್ಬೇಕು. ಹೊರಗೆ ಜೋರು ಮಳೆ ಬರ್ತಾ ಇರ್ಬೇಕು. ಯಾರೂ ನನ್ನ ಗುರುತು ಹಿಡೀಬಾರ್ದು. ನರ್ಸಮ್ಮ ಬಂದು, ಏನಮ್ಮ, ದಾರೀಲಿ ಕೂತಿದ್ದೀರಲ್ಲ, ಆ ಕಡೆ ಸರೀರಿ ಅಂತ ಗದರ್ಬೇಕು. ನಾನು ಸುಮ್ನೆ ಸರೀಬೇಕು.’