ಜೇನು ಎಣಿಸಿದ ಮೂರು ದಿನ

ಆಗೆಲ್ಲ ಗೋಡೆಗಳ ಮೇಲಿನ ಹೋಳಿಯ ಬಣ್ಣ ಮಾಸುವ ಹೊತ್ತಿಗೆ ಬೇವು ಹೂ ಬಿಡುತ್ತಿತ್ತು. ವಡೋದರಾದ ಗೋರ್ವಾದಲ್ಲಿ ನಮ್ಮ ಕ್ವಾರ್ಟರ್ಸಿನ ಅಂಗಳವೆಲ್ಲ ಅದರ ಪರಿಮಳದಲ್ಲಿ ತೂಕಡಿಸುತ್ತಿತ್ತು. ವರ್ಷ ೨೦೦೩, ನಾನು ಐದನೆಯ ತರಗತಿ. ಕನ್ನಡ ಮರೆಯಬಾರದೆಂದು ಅವ್ವ ದಿನಾ ಒಂದು ಪುಟ ಡೈರಿ ಬರೆಸುತ್ತಿದ್ದಳು. ನನಗೋ ವಾಕ್ಯಕ್ಕಿಂತ ಎಣಿಕೆ ಇಷ್ಟ. ಕಂಡ ಅಳಿಲು ಏಳು, ಸಿಕ್ಕ ಗಾಳಿಪಟ ಎರಡು, ಹೀಗೆ.

ಅವ್ವ ಖಾನಾಪುರದ ಕಡೆಯವಳು. ಅಪ್ಪನ ವರ್ಗಾವಣೆಯ ಸಾಮಾನಿನೊಂದಿಗೆ ಅಜ್ಜ ಮಾಡಿಕೊಟ್ಟ ಜೇನುಪೆಟ್ಟಿಗೆಯನ್ನೂ ತಂದಿದ್ದಳು. ಮೂರು ವರ್ಷದಿಂದ ಅದು ಹಿತ್ತಲಲ್ಲಿ ಖಾಲಿ ಕೂತಿತ್ತು. ಅವ್ವ ಮಾತ್ರ ವಾಸನೆಗೆ ಹುಳ ಬಂದಾವೆಂದು ಪ್ರತಿ ಬೇಸಿಗೆಗೂ ಅದರೊಳಗೆ ಹಳೆಯ ಮೇಣ ಸವರುತ್ತಿದ್ದಳು.

ಆ ವರ್ಷ ಬೇವಿನ ಕೆಳಗೊಂಬೆಯಲ್ಲಿ ತುಡುವೆಜೇನಿನ ಹಿಂಡು ಗಡ್ಡದಂತೆ ಜೋತುಬಿತ್ತು.

"ಧುಮಾಡೋ ಕರೋ! ಹೊಗೆ ಹಾಕಿ ಓಡಿಸಿ!" ಪಕ್ಕದ ಮನೆಯ ಹಂಸಾಬೆನ್ ಕಿಟಕಿಯಿಂದ ಕೂಗಿದರು.

"ನಹೀ ಬೆನ್, ಮೆಹಮಾನ್ ಹೈ," ಎಂದಳು ಅವ್ವ, ಸೆರಗನ್ನು ಮುಖಕ್ಕೆ ಸುತ್ತಿಕೊಳ್ಳುತ್ತ.

"ತೋ ಚಾ ಪಿಲಾವೋ ಮೆಹಮಾನ್ ಕೋ! ಕುಡಿಸಿ ಅತಿಥಿಗಳಿಗೆ ಚಹಾ!" ಕಿಟಕಿ ದಡಾರನೆ ಮುಚ್ಚಿತು.

ಕೊಂಬೆಯ ಕೆಳಗೆ ನಾನು ಬುಟ್ಟಿ ಹಿಡಿದೆ. "ಸುಮ್ನ ನಿಂದ್ರು. ಅವುಗಳ ಮ್ಯಾಲೆ ಉಸುರು ಬಿಡಬ್ಯಾಡ," ಎಂದು ಅವ್ವ ಕೊಂಬೆಯನ್ನು ಒಮ್ಮೆ ಜಾಡಿಸಿದಳು. ಹಿಂಡು ಧೊಪ್ಪೆಂದು ಬಿತ್ತು. ಬುಟ್ಟಿ ಆಗಷ್ಟೇ ರೊಟ್ಟಿ ತುಂಬಿದಂತೆ ಬೆಚ್ಚಗಾಗಿ, ನನ್ನ ಮೊಣಕೈತನಕ ಗುಂಯ್‌ಗುಟ್ಟಿತು.

ಹುಳಗಳನ್ನು ಪೆಟ್ಟಿಗೆಗೆ ಇಳಿಸಿ, ಅದರ ಬಾಯಿಗೆ ತೂತಿನ ತಗಡು ಸಿಕ್ಕಿಸಿದಳು. ಸಣ್ಣ ಹುಳ ಅದರಲ್ಲಿ ತೂರುತ್ತವೆ, ದಪ್ಪ ರಾಣಿ ತೂರಲಾರದು.

"ರಾಣಿ ಹೋದ್ರ ಎಲ್ಲಾ ಹೋದಂಗ. ಮೇಣದ ಎರಿ ಕಟ್ಟಿ ಮೊಟ್ಟೆ ಇಡೂತನ ತಗಡು ಮುಟ್ಟಬ್ಯಾಡ, ತಿಳೀತ?"

ತಿಳಿದಿತ್ತು. ಸಂಜೆ ಡೈರಿಯಲ್ಲಿ 'ಒಳಗೆ', 'ಹೊರಗೆ' ಎಂದು ಎರಡು ಮನೆ ಗೀರಿದೆ. ಎರಡು ದಿನ ಎಣಿಸಿದೆ. ಆದರೆ ತಗಡಿನ ತೂತುಗಳಲ್ಲಿ ಹುಳಗಳು ಮುಗಿಬಿದ್ದು, ಬಂದದ್ದು ಯಾವುದು, ಹೋದದ್ದು ಯಾವುದು ಗೊತ್ತಾಗುತ್ತಿರಲಿಲ್ಲ. ಮೂರನೆಯ ಸಂಜೆ ತಗಡನ್ನು ಪಕ್ಕಕ್ಕೆ ಸರಿಸಿದೆ. ಎಂಥ ಚಂದದ ಎಣಿಕೆ! ಕಾಲು ಗಂಟೆಗೆ ಇನ್ನೂರ ಹದಿನಾಲ್ಕು ಒಳಗೆ. ಹೊರಗಿನದನ್ನು ಎಣಿಸದೆಯೇ, ಅದನ್ನು ಬರೆಯುವ ಆತುರದಲ್ಲಿ ಒಳಗೋಡಿದೆ. ತಗಡು ಸರಿಸಿದಲ್ಲೇ ಉಳಿಯಿತು.

ಮರುದಿನ ಶಾಲೆಯಿಂದ ಬಂದಾಗ ಹಿಂಡು ಬೇವಿನ ಮೇಲೆ ಕಂದು ಹೊಗೆಯಂತೆ ಸುತ್ತುತ್ತಿತ್ತು. ರೆಕ್ಕೆ ನೆನೆದರೆ ಕೂತಾವೆಂದು ಅವ್ವ ಬೊಗಸೆ ಬೊಗಸೆ ನೀರು ಎರಚುತ್ತಿದ್ದಳು. ಅವು ಬಿಸಿಲಲ್ಲಿ ಮಿನುಗಿ, ರೈಲುಹಳಿಯ ಕಡೆ ಕರಗಿಹೋದವು.

ಸಂಜೆ ಅವ್ವ ಡೈರಿ ಓದಿದಳು. ನಾನೇ ಬರೆದಿದ್ದೆ: 'ತಗಡು ಸರಿಸಿದೆ, ಎಣಿಕೆ ಸುಲಭ.' ಆ ಸಾಲಿನ ಮೇಲಿಟ್ಟ ಬೆರಳನ್ನು ಪಕ್ಕದ ಮನೆಗೆ ಸರಿಸಿದಳು. ಆಮೇಲೆ, "ಈ ಮನಿ ಯಾಕ ಖಾಲಿ ಬಿಟ್ಟಿ?" ಎಂದು ಪೆನ್ಸಿಲು ತೆಗೆದುಕೊಂಡು 'ಹೊರಗೆ' ಎಂಬಲ್ಲಿ ಒಂದು ಪದ ಬರೆದಳು.

ಮತ್ತೆ ಯಾವ ಹಿಂಡೂ ಬರಲಿಲ್ಲ. ಆದರೂ ಅವ್ವ ಬೇಸಿಗೆಗೊಮ್ಮೆ ಮೇಣ ಸವರುವುದನ್ನು ಬಿಡಲಿಲ್ಲ. ಈಗ ಆ ಬೇವಿಲ್ಲ, ಕ್ವಾರ್ಟರ್ಸಿಲ್ಲ, ಅವ್ವನೂ ಇಲ್ಲ. ಪೆಟ್ಟಿಗೆ ನನ್ನ ಬಳಿಯಿದೆ, ಮುಚ್ಚಳ ತೆರೆದರೆ ಇನ್ನೂ ಮೇಣದ ವಾಸನೆ. ಡೈರಿಯೂ ಇದೆ. ಅವ್ವನ ಕೈಬರಹವೆಂದು ಉಳಿದಿರುವುದು ಆ 'ಹೊರಗೆ' ಮನೆಯೊಳಗಿನ ಪದವೊಂದೇ: 'ಎಲ್ಲಾ'.