ಬಲವುಳ್ಳವರ ಪರ ವಾದಿಸುತ್ತಿದ್ದವರು

ಎಪ್ಪತ್ತರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್ ಹತ್ತಿರ ನಮ್ಮ ಮೇಲಿನ ಮನೆಯಲ್ಲಿದ್ದ ಮೈಸೂರಿನ ಮೇಷ್ಟ್ರು ಒಂದು ಸಣ್ಣ ಕಾಲೇಜಿನಲ್ಲಿ ಗ್ರೀಕ್ ತತ್ವಶಾಸ್ತ್ರ ಕಲಿಸುತ್ತಿದ್ದರು. ನಮ್ಮ ಅಡುಗೆಮನೆಗೆ ಬಂದಾಗಲೆಲ್ಲ ಕನ್ನಡಕ ಒರೆಸುತ್ತಾ, "ಬಲ ಇದ್ದೋರಿಗೆ ಲಾಭ ಆಗೋದನ್ನೇ ನ್ಯಾಯ ಅಂತಾರೆ ಕಣ್ರೀ" ಎನ್ನುತ್ತಿದ್ದರು. ಗ್ರೀಕರ ಆ ಹಳೆಯ ವಾದವನ್ನು ನನ್ನ ಹೆಂಡತಿ ಒಪ್ಪುತ್ತಿರಲಿಲ್ಲ.

ಒಂದು ಚಳಿಗಾಲ ಅವರ ವಿಭಾಗದ ಮುಖ್ಯಸ್ಥರು ವಿದ್ಯಾರ್ಥಿನಿಯೊಬ್ಬಳ ಪ್ರಬಂಧವನ್ನು ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸಿದರು. ಅವಳು ದೂರು ಕೊಟ್ಟಳು. ಅವಳ ಕರಡನ್ನು ಮೊದಲೇ ಓದಿದ್ದವರು ಮೇಷ್ಟ್ರೊಬ್ಬರೇ. ಸಾಕ್ಷಿ ಹೇಳಿದರೆ ಕೆಲಸ ಹೋಗುತ್ತಿತ್ತು, ಕೆಲಸದ ಹಿಂದೆ ವೀಸಾ. ವಾರವಿಡೀ ಅವರು ಮೇಲೆ ಅತ್ತಿಂದಿತ್ತ ನಡೆಯುವ ಸದ್ದು ನಮಗೆ ಕೇಳುತ್ತಿತ್ತು.

ವಿಚಾರಣೆಯ ಬೆಳಿಗ್ಗೆ ನಮ್ಮ ಬಾಗಿಲು ತಟ್ಟಿ, "ಸ್ವಲ್ಪ ಡ್ರೈವ್ ಮಾಡ್ತೀರಾ? ಇವತ್ತು ನನ್ ಕೈಲಿ ಆಗಲ್ಲ" ಎಂದರು.

ಕಾರಿನಲ್ಲಿ ಕೇಳಿದೆ: "ಹೇಳ್ತೀರಾ?"

"ಗೊತ್ತಿಲ್ಲ ರೀ. ಒಳಗೆ ಹೋದ್ಮೇಲೆ ನಂಗೇ ಗೊತ್ತಾಗ್ಬೇಕು."

ಅರ್ಧ ಗಂಟೆಯ ಮೇಲೆ ಹೊರಗೆ ಬಂದು ಕಾರು ಹತ್ತಿದರು. "ಹೇಳ್ದೆ. ಈಗ ಭಯ ಇನ್ನೂ ಜಾಸ್ತಿ ಆಗಿದೆ."

ಪ್ರಬಂಧಕ್ಕೆ ಅವಳ ಹೆಸರು ಬಂತು. ಬೇಸಿಗೆಯಲ್ಲಿ ಮೇಷ್ಟ್ರ ಕೆಲಸ ಮುಂದುವರಿಯಲಿಲ್ಲ.

ಅವರು ಮನೆ ಖಾಲಿ ಮಾಡಿದ ದಿನ ಪೆಟ್ಟಿಗೆಗಳನ್ನು ಕೆಳಗಿಳಿಸುವಾಗ ನನ್ನ ಹೆಂಡತಿ, "ಅಷ್ಟು ಭಯ ಇಟ್ಕೊಂಡು ಯಾಕ್ ಹೇಳಿದ್ರಿ?" ಎಂದಳು.

ಅವರು ಮೆಟ್ಟಿಲ ಮೇಲೆ ನಿಂತು ಅವಳನ್ನೇ ಅಚ್ಚರಿಯಿಂದ ನೋಡಿದರು.

"ಬರೆದವಳು ಅವಳೇ ಅಲ್ವೇನ್ರೀ?"