ಕಾಂತರಾಜುವಿನ ಪಥ್ಯ

ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡಿನಲ್ಲಿ ಕಾಂತರಾಜು ಕಿವಿಯಿಂದಲೇ ಕೆಲಸ ಮಾಡುವವನು. ಲಾಳಿಯ ನೂಲು ಕಡಿದರೆ ಒಂದು ಸಣ್ಣ ಕಂಬಿ ಅದನ್ನು ಗುರುತಿಸಿ ಮಗ್ಗ ನಿಲ್ಲಿಸುತ್ತದೆ. ಅಷ್ಟು ಗದ್ದಲದಲ್ಲೂ ಒಂದು ಮಗ್ಗ ಸುಮ್ಮನಾದದ್ದು ಅವನಿಗೆ ತಿಳಿಯುತ್ತಿತ್ತು.

ತನ್ನ ಮೈಯೊಳಗಿನದು ಮಾತ್ರ ತಿಳಿಯಲಿಲ್ಲ. ರಕ್ತದಾನದ ಶಿಬಿರದಲ್ಲಿ ಅವನ ರಕ್ತ ಬೇಡವೆಂದಾಗಲೇ ಹೆಪಟೈಟಿಸ್ ಬಿ ಇರುವುದು ಗೊತ್ತಾದದ್ದು. ಹುಟ್ಟುವಾಗ ತಾಯಿಯಿಂದ ಬಂದಿರಬಹುದು ಎಂದರು ಆಸ್ಪತ್ರೆಯವರು. ಹೆಂಡತಿ ರೂಪಳಿಗೆ ಲಸಿಕೆ ಹಾಕಿಸಿ, ಅವನಿಗೆ ದಿನಕ್ಕೊಂದು ಮಾತ್ರೆ ಕೊಟ್ಟರು. ತಾಯಿ ಸಪ್ಪಲಮ್ಮ ತನ್ನಿಂದ ಬಂದದ್ದನ್ನು ತಾನೇ ಬೇರುಸಹಿತ ತೆಗೆಸಬೇಕೆಂದು ಮಗನನ್ನು ಶಿವಗಂಗೆಯ ಕಡೆ ನಾಟಿ ಔಷಧಿಗೆ ಕರೆದೊಯ್ದಳು. ಔಷಧಿ ಕೊಟ್ಟವರು ಪಥ್ಯವೆಂದು ಉಪ್ಪು, ಹುಳಿ, ಎಣ್ಣೆ ಬಿಡಿಸಿದರು. ಒಂದು ಹೊಟ್ಟೆಗೆ ಎರಡು ಔಷಧಿ ಬೀಳಬಾರದೆಂದು ಮಾತ್ರೆಯನ್ನೂ ಬಿಡಿಸಿದವಳು ಸಪ್ಪಲಮ್ಮನೇ.

ಪಥ್ಯ ಮುಗಿದು ಕೆಲವು ತಿಂಗಳಿಗೆ ಕಾಂತರಾಜುವಿನ ಕಣ್ಣು ಅರಿಶಿನದಂತಾಯಿತು. ಅನ್ನದ ವಾಸನೆಗೇ ವಾಂತಿ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ರಿಪೋರ್ಟು ನೋಡಿ, ಈ ವಾರ ದಾಟಿದರೆ ಉಳಿದಂತೆ ಎಂದರು.

ವಾರ ದಾಟಿತು. ಏನಾಯಿತೆಂದು ಕಾಂತರಾಜು ಕೇಳಿದಾಗ ಡಾಕ್ಟರಮ್ಮ ಮಂಚದ ಪಕ್ಕ ಕೂತು ಹೇಳಿದರು: "ವೈರಸ್ಸು ಸದ್ದಿಲ್ಲದೆ ಒಳಗೆ ಸೇರ್ಕೊಳ್ಳುತ್ತೆ. ನಿಮ್ಮ ಮೈಯ ಕಾವಲಿನವರು ಇಷ್ಟು ವರ್ಷ ಅದನ್ನ ಮನೆಯವನೇ ಅಂತ ಬಿಟ್ಟಿದ್ರು. ಮಾತ್ರೆ ನಿಲ್ಸಿದ್ರಿ, ಅದು ಹೆಚ್ಕೊಂಡಿತು, ಇವರು ಎಚ್ಚೆತ್ತರು. ಲಿವರ್ ಸುಟ್ಟಿದ್ದು ವೈರಸ್ಸಲ್ಲ, ಕಳ್ಳನ್ನ ಹೊಡೆಯೋಕೆ ಬಂದ ಕಾವಲಿನವರೇ."

ಕಾಂತರಾಜುವಿಗೆ ನೂಲಿನ ಧೂಳು ಮೆತ್ತಿ ಕೆಲಸ ಬಿಟ್ಟ ಮಗ್ಗದ ಕಂಬಿ ನೆನಪಾಯಿತು. "ನೂಲು ಕಡಿದ್ರೂ ಮಗ್ಗ ನಿಲ್ದೆ ಓಡ್ತಾ ಇತ್ತು ಅನ್ನಿ."

"ಹಾಗೇ."

ಸಪ್ಪಲಮ್ಮ ಸೆರಗು ಬಿಗಿದುಕೊಂಡು ಮುಂದೆ ಬಂದಳು. "ಈ ಮಾತ್ರೆಗೆ ಪಥ್ಯ ಏನವ್ವಾ?"

"ಹೆಂಡ ಮುಟ್ಟಬಾರದು. ನಮ್ಮನ್ನ ಕೇಳದೆ ಮಾತ್ರೆ ನಿಲ್ಲಿಸಬಾರದು."

"ಎಷ್ಟು ದಿನ?"

"ಬದುಕಿರೋಷ್ಟು ದಿನ ಅಂತಲೇ ಇಟ್ಕೊಳ್ಳಿ."

ಸಪ್ಪಲಮ್ಮ ತಲೆಯಾಡಿಸಿದಳು. ಪಥ್ಯವೆಂದರೆ ಅವಳಿಗೆ ಅರ್ಥವಾಗುತ್ತಿತ್ತು. ತನ್ನ ರಕ್ತವನ್ನೂ ಅಂದೇ ಪರೀಕ್ಷೆಗೆ ಕೊಟ್ಟಳು.

ಕಣ್ಣಿನ ಹಳದಿ ನಿಧಾನಕ್ಕೆ ಇಳಿಯಿತು. ಮೊನ್ನೆ ರಾಜಘಟ್ಟದ ನೆಂಟರ ಮನೆಯ ನಾಮಕರಣಕ್ಕೆ ಹೋದಾಗ ಕಾಂತರಾಜು ಮಾತ್ರೆಯನ್ನು ಮನೆಯಲ್ಲೇ ಮರೆತು ಬಂದಿದ್ದ. ನಾಳೆ ನುಂಗಿದರಾಯಿತು ಎಂದು ಎಲೆಯ ಮುಂದೆ ಕೂತ. ಬಡಿಸಲು ಬಂದವರನ್ನು ಸಪ್ಪಲಮ್ಮ ಕೈಯಡ್ಡ ಹಿಡಿದು ತಡೆದಳು.

"ಉಪ್ಪಿಲ್ದೆ ಮುದ್ದೆ ಉಂಡೋನು, ಇದೊಂದು ಕಷ್ಟವೇನ್ಲಾ? ಎದ್ದೇಳು, ಮನೆಗೋಗಿ ನುಂಗಿ ಬಾ. ಬಸ್ಸು ಇನ್ನೂ ಅಲ್ಲೇ ನಿಂತದೆ."

ನೆಂಟರು ನಕ್ಕರು. ಕಾಂತರಾಜು ಎದ್ದು ಚಪ್ಪಲಿ ಮೆಟ್ಟಿದ. ಅವನು ತಿರುಗಿ ಬರುವವರೆಗೂ ಸಪ್ಪಲಮ್ಮ ಅವನ ಎಲೆಯ ಪಕ್ಕದಲ್ಲೇ, ತಾನೂ ಉಣ್ಣದೆ ಕೂತಿದ್ದಳು.